ಹನ್ನೆರಡೂವರೆಯ ಸೈರನ್

ಮಧ್ಯಾಹ್ನ ಹನ್ನೆರಡೂವರೆಗೆ ಬೆಟ್ಟದ ಆಚೆ ಮಗ್ಗುಲಿನಿಂದ ಸೈರನ್ ಕೂಗಿತು. ಅಪ್ಪ ಕೈಯಲ್ಲಿದ್ದ ರಸಮಟ್ಟವನ್ನು ಬಂಡೆಯ ಮೇಲಿಟ್ಟು ಊಟದ ಡಬ್ಬಿ ಬಿಚ್ಚಿದರು.

ನನಗೂ ಏನೂ ಅನ್ನಿಸಲಿಲ್ಲ. ಅದನ್ನೇ ಈಗಲೂ ತಿರುಗಿಸಿ ಮುರುಗಿಸಿ ನೋಡುತ್ತಿರುತ್ತೇನೆ. ನಾನು ಹುಟ್ಟಿ ಬೆಳೆದದ್ದು ಸರ್ಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ. ಅಲ್ಲಿ ಗಡಿಯಾರ ಇಲ್ಲದ ಮನೆ ಇದ್ದೀತು, ಸೈರನ್ ಕೇಳಿಸದ ಮನೆ ಇರಲಿಲ್ಲ. ಬೆಳಗಿನ ಸೈರನ್ನಿಗೆ ಅಪ್ಪ ಸೈಕಲ್ ಹತ್ತಬೇಕು, ಹನ್ನೆರಡೂವರೆಯದಕ್ಕೆ ಊಟ, ಸಂಜೆಯದಕ್ಕೆ ನಾವು ಆಟ ಬಿಟ್ಟು ಕೈಕಾಲು ತೊಳೆಯಬೇಕು. ಸಾಕು, ಇನ್ನು ಬನ್ನಿ ಎಂದು ಯಾರೋ ದೊಡ್ಡವರು ಕರೆದ ಹಾಗಿರುತ್ತಿತ್ತು. ಆ ಸದ್ದಿಗೆ ಹೆದರಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ಅವತ್ತು ನಾವು ಜಮೀನು ನೋಡಲು ಹೋಗಿದ್ದೆವು. ಅಪ್ಪ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅಮ್ಮ ಹೋದ ಮೇಲೆ ಚಿಕ್ಕಬಾಣಾವರದಲ್ಲಿ, ರೈಲು ಹಳಿಗೆ ಹತ್ತಿರದ ಸಣ್ಣ ಮನೆಯಲ್ಲಿ ನಾವಿಬ್ಬರೇ. ನಾನು ಪೀಣ್ಯದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಅಪ್ಪ ಹೊಲದಲ್ಲಿ ದುಡಿದವರಲ್ಲ. ಅವರಪ್ಪನೂ ಮಿಲ್ಲಿನವರೇ. ಆದರೂ ಒಂದು ದಿನ, ಬೆಟ್ಟದ ಇಳಿಜಾರಿನ ಜಮೀನು ಅಗ್ಗಕ್ಕೆ ಸಿಗುತ್ತದಂತೆ, ತೆಗೆದುಕೊಳ್ಳೋಣವೇ ಎಂದು ಕೇಳಿದರು. ಇಳಿಜಾರಿಗೆ ಕಲ್ಲು ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಟ್ಟ ಮಾಡುವುದು, ಮೇಲೆ ಹುರುಳಿ, ಕೆಳಗೆ ರಾಗಿ, ಬದುವಿನ ಮೇಲೆ ಸೀತಾಫಲ. ಒಂದು ಶೀಟಿನ ಮನೆ. ವಾರವೆಲ್ಲ ಅವರು ಅಲ್ಲಿ, ಭಾನುವಾರ ನಾನು ಹೋಗುವುದು.

ಟೀ ಅಂಗಡಿಯಲ್ಲಿ ಅವರ ಹಳೇ ಶಿಫ್ಟಿನ ಗೆಳೆಯರು ಬಿಡಲಿಲ್ಲ. "ಏನ್ ಗುರು, ಲೇತಿಗೆ ಹಾಕಿ ರಾಗಿ ತಿರುವ್ತೀಯಾ?"

"ನೀನು ಮುದ್ದೆ ನುಂಗೋದು ಬಿಟ್ಟು ಇನ್ನೇನು ಕಲಿತೆ? ಸುಮ್ನೆ ಟೀ ಕುಡಿ," ಎಂದರು ಅಪ್ಪ.

ಜಮೀನು ಕೊಳ್ಳುವ ಮೊದಲೇ ಸಂತೆಗೆ ಹೋಗಿ ಬಿತ್ತನೆಗೆಂದು ಹುರುಳಿ ಆರಿಸಿ ತಂದರು. ಅದನ್ನು ಅಮ್ಮನ ಮಸಾಲೆ ಡಬ್ಬಿಗಳ ಪಕ್ಕದಲ್ಲಿಟ್ಟರು. ನನಗೆ ಮಾತ್ರ, "ನೀನು ಹೂಂ ಅಂದ್ರೆ ತಗೊಳ್ಳೋದು, ಇಲ್ಲಾಂದ್ರೆ ಇಲ್ಲ," ಎಂದರು. ಅಮ್ಮ ಹೋದ ಮೇಲೆ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅದಕ್ಕೆ ಇಲ್ಲವೆನ್ನುವುದು ಹೇಗೆ? ನೋಡೋಣ ಎಂದೆ.

ಬ್ರೋಕರ್ ನಮ್ಮ ಬಡಾವಣೆಯವನೇ. ತುಮಕೂರು ರಸ್ತೆಯಲ್ಲಿ ಹೋಗಿ, ಒಳಗೆ ತಿರುಗಿ, ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿದ. ಇಷ್ಟು ಕಡಿಮೆಗೆ ಯಾಕೆ ಕೊಡುತ್ತಿದ್ದಾರೆಂದು ಕೇಳಿದೆ. "ದಾರಿ ಇಲ್ಲ ಅಕ್ಕ, ಅದಕ್ಕೇ," ಎಂದ. ಬಿಸಿಲೇರುವ ಮೊದಲು ಮುಗಿಸೋಣವೆಂದು ಅವಸರ ಮಾಡುತ್ತಲೇ ಇದ್ದ. ಅಪ್ಪ ಅವಸರದ ಮನುಷ್ಯರಲ್ಲ. ಹಜಾರದಲ್ಲಿ ಫ್ರಿಜ್ ಇಡುವಾಗಲೂ ರಸಮಟ್ಟ ತರುವವರು. ಬಂಡೆಯಿಂದ ಬಂಡೆಗೆ ಹೋಗಿ, ಕೋಲು ಊರಿ, ಮಟ್ಟ ಹಿಡಿದು, ಗಾಜಿನೊಳಗಿನ ಗುಳ್ಳೆಯನ್ನು ನೋಡುತ್ತ ಕುಳಿತರು. ಅವರು ಅಷ್ಟು ನೆಮ್ಮದಿಯಾಗಿದ್ದದ್ದನ್ನು ನೋಡಿ ಬಹಳ ಕಾಲವಾಗಿತ್ತು. ಹೂಂ ಅನ್ನಬೇಕೆಂದೇ ನಾನು ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದೆ.

"ಸಾರ್, ಸಾಕು ಬನ್ನಿ, ಇನ್ನೊಂದ್ಸಲ ಬಂದ್ರಾಯ್ತು," ಎಂದ ಬ್ರೋಕರ್. ಅಪ್ಪ ಕೇಳಿಸಿಕೊಳ್ಳಲಿಲ್ಲ. ಹೊತ್ತು ನೆತ್ತಿಗೆ ಬರುವಾಗ, "ಇಲ್ಲಿ ಸಿಗ್ನಲ್ ಇಲ್ಲ, ಕಾರ್ ಹತ್ರ ಇರ್ತೀನಿ, ಬೇಗ ಬನ್ನಿ ಅಕ್ಕ," ಎಂದು ಇಳಿದು ಹೋದ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದ. ಏನೋ ಹೇಳುವವನಂತೆ ನಿಂತು, ಹೇಳದೆ ಹೋದ.

ಆಮೇಲೆ ಸೈರನ್.

ಅಪ್ಪ ಚಪ್ಪಟೆ ಬಂಡೆಯ ಮೇಲೆ ಟವೆಲ್ ಹಾಸಿ, ಚಿತ್ರಾನ್ನದ ಡಬ್ಬಿ ತೆರೆದಿಟ್ಟು, ಕೈ ತೊಳೆಯಲು ಕೆಳಗೆ ಬಂದರು. ಬಂಡೆಯ ಗುಳಿಯಲ್ಲಿ ಮಳೆನೀರು ನಿಂತ ಒಂದು ದೊಣೆ ಇತ್ತು. ನಾನು ಅದರ ಪಕ್ಕದಲ್ಲಿದ್ದೆ. ಕಾರ್ಖಾನೆಯಲ್ಲಿ ಸೈರನ್ ಆದೊಡನೆ ಮೊದಲು ಎಣ್ಣೆಗೈ ತೊಳೆಯುವುದು, ಆಮೇಲೆ ತುತ್ತು. ಕೈಗೆ ಎಣ್ಣೆಯಿಲ್ಲದ ದಿನವೂ ಅವರು ಬೆರಳ ಸಂದು ಸಂದು ಉಜ್ಜುತ್ತಾರೆ. ಅವತ್ತೂ ಉಜ್ಜುತ್ತಿದ್ದರು.

ಮೊದಲು ದೊಣೆಯ ನೀರು ನಡುಗಿತು. ಆಮೇಲೆ ನನ್ನ ಅಂಗಾಲಿಗೆ ಯಾರೋ ಕೆಳಗಿನಿಂದ ಹೊಡೆದಂತಾಯಿತು. ಸದ್ದು ಬಂದದ್ದು ಕೊನೆಗೆ. ಬೆಟ್ಟದ ನೆತ್ತಿಯ ಆಚೆ ಬಿಳಿ ಧೂಳು ಎದ್ದಿತು, ಒಂದು ಕ್ಷಣ ಹಕ್ಕಿಯೂ ಇಲ್ಲದ ಮೌನ. ಆಮೇಲೆ ಕಲ್ಲು ಬೀಳತೊಡಗಿದವು. ಬೀಳುವ ಕಲ್ಲಿಗೆ ಅವಸರವಿರುವುದಿಲ್ಲ. ಆಕಾಶದಲ್ಲಿ ಅದು ನಿಂತೇ ಇದೆ ಅನ್ನಿಸುತ್ತದೆ. ರುಬ್ಬುಗುಂಡಿನಷ್ಟು ದೊಡ್ಡದೊಂದು ಟವೆಲ್ಲಿನ ಮೇಲೆಯೇ ಬಿತ್ತು. ಡಬ್ಬಿ ಅಪ್ಪಚ್ಚಿಯಾಯಿತು. ರಸಮಟ್ಟ ಎಲ್ಲೋ ಹಾರಿತು. ಸಣ್ಣವು ಪೊದೆಗಳ ಮೇಲೆ ಆಲಿಕಲ್ಲಿನಂತೆ ಉದುರುತ್ತಲೇ ಇದ್ದವು.

ಅಪ್ಪ ಬಗ್ಗಲಿಲ್ಲ, ಓಡಲಿಲ್ಲ. ಒರೆಸಿಕೊಳ್ಳಲು ಟವೆಲ್ ಕೊಡುತ್ತಾರೇನೋ ಎನ್ನುವಂತೆ ಒದ್ದೆ ಕೈಗಳನ್ನು ಮುಂದೆ ಚಾಚಿಕೊಂಡು ನಿಂತಿದ್ದರು. ನಾನು ಅಂಗಿ ಹಿಡಿದು ಎಳೆದು ಬಂಡೆಯ ಕೆಳಗೆ ಕೂರಿಸಿದೆ.

ನಾವು ಇಳಿದುಬಂದಾಗ ಬ್ರೋಕರ್ ಕಾರಿಗೆ ಒರಗಿ ನಿಂತಿದ್ದ. "ದಿನಾ ಬ್ಲಾಸ್ಟ್ ಮಾಡಲ್ಲ ಅಕ್ಕ, ಆಗಾಗ ಅಷ್ಟೇ. ಕ್ವಾರಿಯೋರು ಆ ಕಡೆ ರಸ್ತೆಗೆ ಕೆಂಪು ಬಾವುಟ ಹಿಡಿದು ಜನ ನಿಲ್ಲಿಸ್ತಾರೆ. ಈ ಕಡೆ ಯಾರೂ ಇರಲ್ವಲ್ಲ."

"ನಿಮಗೆ ಗೊತ್ತಿತ್ತು."

"ಅದಕ್ಕೇ ಅಲ್ವಾ ಬೇಗ ಬನ್ನಿ ಅಂದಿದ್ದು."

ನೆಲಮಂಗಲ ಟೋಲ್ ಹತ್ತಿರ ಅಪ್ಪ, "ಮಣ್ಣು ಚೆನ್ನಾಗಿದೆ," ಎಂದರು.

ಅಂದಿನಿಂದ ನನಗೆ ನಿದ್ದೆ ಹರಿದುಹೋಯಿತು. ಕಣ್ಣು ಮುಚ್ಚಿದರೆ ದೊಣೆಯ ನೀರು ನಡುಗುತ್ತಿತ್ತು. ಕನಸಿನಲ್ಲಿ ಪ್ರತಿ ಸಲವೂ ಅಪ್ಪ, ಇವತ್ತು ಕೈ ಶುಚಿಯಾಗೇ ಇದೆಯಲ್ಲ ಎಂದುಕೊಂಡು, ನೇರವಾಗಿ ಡಬ್ಬಿಯ ಮುಂದೆ ಕೂರುತ್ತಿದ್ದರು. ಆಫೀಸಿನ ಪಕ್ಕದ ಶೆಡ್ಡಿನಲ್ಲಿ ಪವರ್ ಪ್ರೆಸ್ ಇದೆ. ಅದರ ಏಟಿಗೆ ನೆಲ ಅದುರುವುದು ಹೊಸದೇನಲ್ಲ, ಆದರೆ ಈಗ ಪ್ರತಿ ಏಟಿಗೂ ನಾನು ತಲೆ ಎತ್ತಿ ಚಾವಣಿ ನೋಡುತ್ತಿದ್ದೆ. ಸ್ಟೇಷನ್ನಿನಲ್ಲಿ ಗೂಡ್ಸ್ ಬೋಗಿಗಳು ಒಂದಕ್ಕೊಂದು ತಗುಲಿದರೆ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ.

ಅಪ್ಪ ಮಾತ್ರ ಬಿಟ್ಟಿರಲಿಲ್ಲ. "ಸೈರನ್ ಕೊಟ್ಟೇ ಹೊಡೀತಾರಲ್ಲಮ್ಮ. ಕೂಗಿದ ತಕ್ಷಣ ಇಳಿದುಬಂದ್ರಾಯ್ತು. ಜೀವಮಾನ ಪೂರ್ತಿ ಸೈರನ್ ಹೇಳಿದ ಹಾಗೆ ಕೇಳಿದೀನಿ, ಇನ್ನೊಂದು ಕೇಳೋದು ಕಷ್ಟಾನಾ? ಯಾಕೆ ಅಗ್ಗ ಅಂತ ಗೊತ್ತಿರಲಿಲ್ಲ, ಈಗ ಗೊತ್ತಾಯ್ತು. ಗೊತ್ತಾದ ಮೇಲೆ ಭಯ ಏನು?"

ಅವರು ಹೇಳುವುದರಲ್ಲಿ ತಪ್ಪು ಎಲ್ಲಿದೆಯೆಂದು ತೋರಿಸಲು ಆಗುತ್ತಿರಲಿಲ್ಲ. ಬೇಡ ಅಂದರೆ ರಸಮಟ್ಟ ಹಿಡಿದಾಗಿನ ಆ ಮುಖ ಮತ್ತೆ ಕಾಣುವುದಿಲ್ಲ. ಹೂಂ ಅಂದರೆ ನಾನು ಪೀಣ್ಯದಲ್ಲಿ ಕೂತು ಪ್ರತಿ ಮಧ್ಯಾಹ್ನ ಅವರ ಫೋನಿಗೆ ಕಾಯಬೇಕು, ಅದೂ ಸಿಗ್ನಲ್ ಇಲ್ಲದ ಕಡೆಯಿಂದ. ಬ್ರೋಕರ್ ಫೋನ್ ಮಾಡಿ, ವೈಟ್‌ಫೀಲ್ಡ್ ಕಡೆಯ ಗಂಡ ಹೆಂಡತಿ ಕೇಳುತ್ತಿದ್ದಾರೆ, ಬೇಗ ಹೇಳಿ ಎಂದ. ನಾನು ಸುಮ್ಮನಿದ್ದೆ. ನನ್ನ ಸುಮ್ಮನಿರುವಿಕೆ ಅಪ್ಪನಿಗೆ ಹೂಂ ಅಂತಲೇ ಕೇಳಿಸತೊಡಗಿತ್ತು.

ಒಂದು ಶುಕ್ರವಾರ ಸಂಜೆ ಕೆಲಸ ಮುಗಿಸಿ ಬಂದಾಗ ಅಪ್ಪ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಚಪ್ಪಲಿಯ ತುಂಬ ಕೆಂಪು ಮಣ್ಣು. ಪಕ್ಕದಲ್ಲಿ ಹೊಸ ಡಬ್ಬಿ, ತೆರೆಯದ್ದು. ನಾನು ಗೇಟಿನ ಬಳಿಯೇ ನಿಂತುಬಿಟ್ಟೆ.

"ಮೇಲೆ ಹತ್ತಲಿಲ್ಲ, ಹೆದರ್ಬೇಡ. ಬುಡದಲ್ಲೇ ಇದ್ದೆ," ಎಂದರು. "ಪ್ರಾಕ್ಟೀಸ್ ಮಾಡೋಣ ಅಂತ ಬಸ್ಸಲ್ಲಿ ಹೋದೆ. ಸೈರನ್ ಆದ ತಕ್ಷಣ ಎದ್ದು ರಸ್ತೆವರೆಗೂ ಹೋಗೋದು ಅಂತ."

"ಆಮೇಲೆ?"

ಅವರು ತಮ್ಮ ಕೈಗಳನ್ನು ನೋಡಿಕೊಂಡರು. "ಎದುರಿಗೇ ಆ ಬಂಡೆ ಕಾಣ್ತಿತ್ತು. ಡಬ್ಬಿ ಹೋದ ಬಂಡೆ. ಅದನ್ನೇ ನೋಡ್ತಾ ಕಾಯ್ತಿದ್ದೆ. ಕೂಗ್ತು. ಹೊಟ್ಟೆ ಹಸೀತು ಕಣಮ್ಮ."

ನಾನು ಬ್ಯಾಗು ಕೆಳಗಿಟ್ಟು ಅವರ ಪಕ್ಕದಲ್ಲಿ ಕೂತೆ.

"ಕಾಲಿಗೆ ಏಳ್ಬೇಕು ಅಂತ ಅನ್ನಿಸಲೇ ಇಲ್ಲ. ಬಾಯಲ್ಲಿ ನೀರು ಬಂತು. ಕೈ ತೊಳೆಯೋಕೆ ನಲ್ಲಿ ಎಲ್ಲಿದೆ ಅಂತ ಹುಡುಕ್ತಿದೀನಿ. ಅಷ್ಟರಲ್ಲಿ ಆ ಕಡೆ ಢಂ ಅಂತು." ಡಬ್ಬಿಯನ್ನು ನನ್ನ ಕೈಗಿಟ್ಟು, "ಇದು ಈ ವಯಸ್ಸಲ್ಲಿ ರಿಪೇರಿ ಆಗೋದಲ್ಲ," ಎಂದರು.

ಅಲ್ಲೇ ಕೂತು ಬ್ರೋಕರಿಗೆ ಫೋನ್ ಮಾಡಿದರು. "ನಮಗೆ ಬೇಡಪ್ಪ. ಆ ಗಂಡ ಹೆಂಡತಿಗೆ ಸೈರನ್ ವಿಷಯ ಮೊದಲೇ ಹೇಳು." ಆ ಕಡೆಯ ಮಾತನ್ನು ಕೇಳಿಸಿಕೊಂಡು ಫೋನ್ ಇಟ್ಟರು.

"ಏನಂದ?"

"ಹೇಳಿದ್ರೆ ಯಾರು ಸಾರ್ ತಗೋತಾರೆ ಅಂದ."

ಆ ರಾತ್ರಿ ನಾನು ಮಲಗಿದ್ದಷ್ಟೇ ಗೊತ್ತು. ಗೂಡ್ಸ್ ಬಂತೋ ಹೋಯಿತೋ ತಿಳಿಯದು. ಕಣ್ಣು ಬಿಟ್ಟಾಗ ಕಿಟಕಿಯ ಸರಳಿನ ನೆರಳು ಗೋಡೆಯ ಮೇಲೆ ಬಿದ್ದಿತ್ತು, ಹಾಲಿನವನು ಬಂದು ಹೋಗಿದ್ದ. ಅಪ್ಪನ ಹಾಸಿಗೆ ಮಡಿಚಿಟ್ಟಿತ್ತು. ಅವರು ನಿದ್ದೆ ಮಾಡಿದರೋ ಇಲ್ಲವೋ ಕೇಳುವ ಧೈರ್ಯವಾಗಲಿಲ್ಲ. ಅಡುಗೆಮನೆಗೆ ಹೋದೆ. ಬಿತ್ತನೆಗೆಂದು ತಂದ ಹುರುಳಿಯನ್ನೆಲ್ಲ ಅವರು ದೊಡ್ಡ ಪಾತ್ರೆಯಲ್ಲಿ ನೆನೆಹಾಕಿದ್ದರು. ಮಧ್ಯಾಹ್ನದ ಸಾರಿಗೆ.