ಸೀಟಿ ಊದುವವರೆಗೆ

ಗೆಳೆಯರೇ, ಇವತ್ತು ಬೆಳಿಗ್ಗೆ ವಿಜಯಪುರದ ಮೈದಾನವೊಂದರಲ್ಲಿ, ಮಕ್ಕಳು ತಾವೇ ಪಳಗಿಸಿದ ನಾಯಿಗಳ ಸ್ಪರ್ಧೆ ಇತ್ತು. ಕೊನೆಯ ಸುತ್ತಿನ ನಿಯಮ ಸರಳ: ಸ್ಪರ್ಧೆ ನಡೆಸುವ ತರಬೇತುದಾರರು ಸೀಟಿ ಊದುವವರೆಗೆ ನಾಯಿ ಕುಳಿತಲ್ಲಿಂದ ಏಳಬಾರದು. ನನ್ನ ಮಗಳು ತಿಂಗಳಿಡೀ ನಮ್ಮ ರಾಜಾನಿಗೆ ಕಲಿಸಿದ್ದು ಇದೊಂದನ್ನೇ.

ಆರು ನಾಯಿಗಳು ಸಾಲಾಗಿ ಕುಳಿತವು. ಅಷ್ಟರಲ್ಲಿ ಘೋಣಸಗಿಯಿಂದ ಬಂದಿದ್ದ ನನ್ನವ್ವ ಬುತ್ತಿ ಬಿಚ್ಚಿದಳು. ಸುತ್ತಲಿದ್ದವರನ್ನು ಕರೆಯದೆ ಉಣ್ಣುವುದು ಅವಳಿಗೆ ಗೊತ್ತಿಲ್ಲ.

“ಬರ್ರಿ ಸರ್, ಒಂದು ತುತ್ತು ಉಣ್ಣಬರ್ರಿ.”

“ಈಗ ಸ್ಪರ್ಧಾ ನಡದೈತಿ ಯವ್ವಾ.”

“ನಡೀಲಿ ಬಿಡ್ರಿ. ಉಣ್ಣಾಕ ಕರದಾಗ ಒಲ್ಲೆ ಅನಬಾರದು.”

ತರಬೇತುದಾರರು ಬಂದು ಕುಳಿತರು. ಅವರ ಹಿಂದೆಯೇ ಆರೂ ಮಕ್ಕಳು ಬಂದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅತ್ತ ನಾಯಿಗಳು ಕಿವಿಯನ್ನೂ ಅಲುಗಿಸಲಿಲ್ಲ.

ಅರ್ಧ ರೊಟ್ಟಿ ಮುಗಿದ ಮೇಲೆ ಮಗಳಿಗೆ ನೆನಪಾಯಿತು. “ಸರ್, ಸೀಟಿ ಊದ್ರಿ. ರಾಜಾ ಇನ್ನೂ ಕುಂತಾನ.”

ಅವರ ಬಾಯಿ ತುಂಬ ರೊಟ್ಟಿ ಇತ್ತು. ಒಂದು ನಿಮಿಷ ತಡಿ ಎಂಬಂತೆ ಒಂದು ಬೆರಳು ಎತ್ತಿದರು. ಬೆರಳು ನೋಡಿದ ಅವ್ವ ಇನ್ನೊಂದು ರೊಟ್ಟಿ ಹಾಕಿದಳು.

ಊಟ ಮುಗಿದು ಸೀಟಿ ಊದುವವರೆಗೂ ಆರೂ ನಾಯಿಗಳು ಕುಳಿತೇ ಇದ್ದವು. ಪ್ರಮಾಣಪತ್ರಗಳನ್ನು ಮಕ್ಕಳ ಬದಲು ನಾಯಿಗಳ ಹೆಸರಿನಲ್ಲೇ ಬರೆದುಕೊಟ್ಟಿದ್ದಾರೆ. ಸರಿಯಾಗಿಯೇ ಇದೆ.