ಟೈಮಿಂಗ್ ಚೈನ್ ಕೂರಿಸಿದ ಕಾಕು

ಕಾಕುವಿನ ಎರಡೂ ಕೈಗಳ ತುಂಬ ಹಸಿರು ಗಾಜಿನ ಬಳೆಗಳಿದ್ದವು. ಕೆಲಸಕ್ಕೆ ಕೂರುವ ಮೊದಲು ಅವನ್ನೆಲ್ಲ ಮೊಣಕೈ ಹತ್ತಿರಕ್ಕೆ ಸರಿಸಿ, ಜಾರಿ ಬರದಂತೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಕಪ್ಪು ರಬ್ಬರಿನ ಪಟ್ಟಿಯೊಂದನ್ನು ಏರಿಸಿಬಿಡುತ್ತಿದ್ದರು. ಪಟ್ಟಿಯಿಂದ ಮೇಲಕ್ಕೆ ಅವರು ಯಾವ ಮನೆಯ ಹೆಣ್ಣುಮಗಳಾದರೂ ಆಗಬಹುದಿತ್ತು. ಕೆಳಗಡೆ ಮಾತ್ರ ಆಯಿಲಿನಲ್ಲಿ ಮಿಂದ ಮಿಸ್ತ್ರಿಯ ಕೈ.

ಗೋವಾದ ಸಾಂಖಳಿ ದಾಟಿ ಚೋರ್ಲಾ ಘಾಟಿನ ಕಡೆ ಹೊರಟರೆ ರಸ್ತೆಯ ಎಡಕ್ಕೆ ಅವರ ತಗಡಿನ ಗ್ಯಾರೇಜು. ಅವರ ಗಂಡ, ನಮ್ಮ ಮಿಸ್ತ್ರಿ ಕಾಕಾ, ವಿಜಯಪುರದ ಕಡೆಯಿಂದ ಗಣಿ ಲಾರಿಗಳ ಕೆಲಸಕ್ಕೆಂದು ಬಂದವರು. ಗಣಿ ನಿಂತಿತು, ಲಾರಿಗಳು ತುಕ್ಕು ಹಿಡಿದು ನಿಂತವು, ಕಾಕಾ ಪಿಕಪ್‌ಗಳಿಗೆ ಕೈ ಹಾಕಿದರು. ಬೆಳಗಾವಿಯಿಂದ ಮಡಗಾಂವಿಗೆ ತರಕಾರಿ ತರುವ ನನ್ನಂಥವರಿಗೆಲ್ಲ ಅವರೇ ದಿಕ್ಕು. ಕಾಕು ಅವರ ಪಕ್ಕದಲ್ಲಿ ಲೈಟು ಹಿಡಿದು ನಿಲ್ಲುತ್ತಿದ್ದರು, ಕೇಳಿದ ಅಳತೆಯ ಪಾನಾ, ಅಂದರೆ ಸ್ಪ್ಯಾನರು, ಕೊಡುತ್ತಿದ್ದರು. ಆಮೇಲೆ ಕಾಕಾಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲತೊಡಗಿತು. ಗ್ಯಾರೇಜಿಗೆ ಅಂಟಿಕೊಂಡ ಖೋಲಿಯ ಮಂಚವೇ ಅವರ ಲೋಕವಾಯಿತು.

ಎದುರಿನ ಚಹಾದಂಗಡಿಯಲ್ಲಿ ಕೂರುವ ನಮ್ಮ ಡ್ರೈವರುಗಳಿಗೆ ಅದೊಂದು ಮಾತಿನ ವಿಷಯವಾಯಿತು. ಪಂಕ್ಚರಿದ್ದರೆ, ಆಯಿಲ್ ಬದಲಿಸುವುದಿದ್ದರೆ ಕಾಕು ಹತ್ತಿರ ಹೋಗೋಣ, ಇಂಜಿನ್ ಮಾತ್ರ ಅವರ ಕೈಗೆ ಕೊಡುವುದು ಬೇಡ ಎಂದು ಯಾರೂ ಕೂತು ತೀರ್ಮಾನಿಸಲಿಲ್ಲ, ಆದರೆ ಎಲ್ಲರೂ ಹಾಗೇ ನಡೆದುಕೊಂಡರು. ಬರೀ ಪಂಕ್ಚರಿನ ಮೇಲೆ ಗ್ಯಾರೇಜು ನಡೆಯುವುದಿಲ್ಲ. ಅದು ಮುಚ್ಚಿದರೆ ಕಾಕು ಕಟ್ಟಡದ ಕೆಲಸಕ್ಕೆ ಬುಟ್ಟಿ ಹೊರಲು ಹೋಗಬೇಕು, ಮಂಚದ ಮೇಲಿದ್ದವರನ್ನು ಆಗ ಯಾರು ನೋಡಿಕೊಳ್ಳಬೇಕು?

ಹಾಗೆಂದು ಕರುಣೆಯಿಂದ ನಾನು ಅಲ್ಲಿಗೆ ಹೋದೆ ಎಂದುಕೊಳ್ಳಬೇಡಿ. ನನ್ನ ಗಾಡಿ ಅವರ ಬಾಗಿಲ ಮುಂದೆಯೇ ಮುನಿಸಿಕೊಂಡು ನಿಂತಿತು, ಅಷ್ಟೆ. ಕೆಲವು ದಿನಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಇಂಜಿನ್ನಿನ ಮುಂಭಾಗದಲ್ಲಿ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು ಬರುತ್ತಿತ್ತು. ಕಾಕು ಬಾನೆಟ್ ಎತ್ತಿ ನೋಡಿ, “ಬಿಸಿ ಇದ್ದಾಗ ಕೇಳಿದ್ರ ಗೊತ್ತಾಗೂದಿಲ್ಲ ತಮ್ಮಾ. ಇಲ್ಲೇ ಬಿಡು, ನಾಳೆ ಮುಂಜಾನೆ ಕೇಳೂಣು” ಎಂದರು. ಮರುದಿನ ಕೇಳಿದರು. ಎರಡೇ ಕ್ಷಣ, ಅಷ್ಟರಲ್ಲಿ ಕೈಸನ್ನೆ ಮಾಡಿ ಬಂದ್ ಮಾಡಿಸಿದರು.

“ಟೈಮಿಂಗ್ ಚೈನ್ ಸವದು ಜೋಲು ಬಿದ್ದೈತಿ. ಇದನ್ನ ತಗೊಂಡು ಘಾಟ್ ಹತ್ತಬ್ಯಾಡ.”

ಕೆಳಗಿನ ಪಿಸ್ಟನ್ನುಗಳೂ ಮೇಲಿನ ವಾಲ್ವುಗಳೂ ಒಂದಕ್ಕೊಂದು ಡಿಕ್ಕಿಯಾಗದೆ ಸರಿಯಾದ ಹೊತ್ತಿಗೆ ಏರಿಳಿಯುವಂತೆ ನೋಡಿಕೊಳ್ಳುವುದು ಈ ಚೈನು. ಓಡುವಾಗ ಅದು ಇಂಜಿನ್ನಿನೊಳಗಿನ ಹಲ್ಲುಗಾಲಿಯ ಹಲ್ಲು ಬಿಟ್ಟು ಹಾರಿದರೆ ಇಂಜಿನ್ನೇ ಮುಗಿಯಿತು. ಮಡಗಾಂವಿನ ಮೋತಿ ಡೊಂಗರಿನ ಒಂದು ಖೋಲಿಯಲ್ಲಿದ್ದ ನಮ್ಮ ಐದು ಜನರ ಅನ್ನ ಆ ಇಂಜಿನ್ನಿನಲ್ಲಿತ್ತು.

“ಇದರ ಮೊದಲ ನೀವು ಚೈನ್ ಹಾಕೀರೇನ್ರಿ?” ಎಂದು ಕೇಳಿಯೇಬಿಟ್ಟೆ.

“ಅವರು ಹಾಕೂವಾಗ ಲೈಟ್ ಹಿಡದೇನಿ, ಎಷ್ಟ ಸಲ ಅಂತ ಲೆಕ್ಕ ಇಟ್ಟಿಲ್ಲ. ಒಬ್ಬಾಕಿನ ಹಾಕಿಲ್ಲ, ಇದ ಮೊದಲನೇದು. ಒಲ್ಲೆ ಅಂದ್ರ ಹೇಳು, ಬ್ಯಾರೆ ಕಡೆ ಎಳಕೊಂಡು ಹೋಗಾಕ ಗಾಡಿ ಕರಸ್ತೀನಿ. ನನಗೇನ್ ಸಿಟ್ಟಿಲ್ಲ.”

ಅಷ್ಟು ನೇರವಾಗಿ ಹೇಳಿದವರಿಗೆ ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಹೂಂ ಎಂದೆ. ಮನಸ್ಸು ಮಾತ್ರ ಹೂಂ ಎಂದಿರಲಿಲ್ಲ.

ಅವರ ಕೆಲಸ ನೋಡಬೇಕಿತ್ತು. ಬಿಚ್ಚಿದ ಬೋಲ್ಟುಗಳನ್ನು ಇಡಲು ಹಳೆಯ ಪಡ್ಡಿನ ಹಂಚೊಂದನ್ನು ತಂದು ಪಕ್ಕಕ್ಕಿಟ್ಟರು. ಒಂದು ಗುಳಿಗೆ ಒಂದು ಜಾಗದ ಬೋಲ್ಟು, ಬಿಚ್ಚಿದ ಕ್ರಮದಲ್ಲೇ. ನಾನು ಬಗ್ಗಿ ನೋಡಿದರೆ, “ತಿಂದಗಿಂದೀ ಮತ್ತ, ಇವು ಗಟ್ಟಿ ಪಡ್ಡು” ಎಂದು ನಕ್ಕರು. ಪ್ರತಿ ಬೋಲ್ಟನ್ನು ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಕೆಂಪು ಉಗುರುಬಣ್ಣದಲ್ಲಿ ಸಣ್ಣ ಗೆರೆ ಎಳೆಯುತ್ತಿದ್ದರು. ಬಿಗಿಯಾಗಿದೆ, ಇನ್ನು ಮುಟ್ಟಬೇಕಿಲ್ಲ ಎಂಬುದಕ್ಕೆ ಅದು ಗುರುತು. ಪೇಟೆಯ ಅಂಗಡಿಯವನು ಯಾವ ಸೀರೆಗೆ ಹೊಂದಬೇಕು ಎಂದು ಕೇಳಿದರೆ ಬೋಲ್ಟಿಗೆ ಎಂದಿದ್ದರಂತೆ. ಅವರ ಬಾಯಲ್ಲಿ ಸದಾ ಒಂದೇ ಮಾತು: “ಕೈ ಮೊದಲ, ಚಾವಿ ಆಮ್ಯಾಲೆ.” ಚೈನು ಕೂರಿಸಿದ ಮೇಲೆ ಪಾನಾ ಹಾಕಿ ಇಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಬೇಕು, ಎಲ್ಲೂ ತಡೆಯದಿದ್ದರೆ ಮಾತ್ರ ಚಾವಿ ಮುಟ್ಟಬೇಕು.

ಹೊಸ ಚೈನು ಗಾಲಿಗಳ ಮೇಲೆ ಕೂತಿತು. ಗುರುತಿಗೆ ಗುರುತು ಹೊಂದಿಸಿ, ಲೈಟು ಹಿಡಿದು ಎರಡು ಸಲ ನೋಡಿದರು. ಚೈನನ್ನು ಬಿಗಿಹಿಡಿಯುವ ಟೆನ್ಶನರ್ ಒಂದನ್ನು ಹಾಕುವುದು ಬಾಕಿ ಇತ್ತು. ಅಷ್ಟರಲ್ಲಿ ಒಳಗಿನಿಂದ ಕಾಕಾ ಸ್ಟೀಲ್ ಲೋಟದಿಂದ ಮಂಚಕ್ಕೆ ಬಡಿದರು. ನೀರು ಬೇಕಾದಾಗ ಅವರು ಹಾಗೆ ಬಡಿಯುತ್ತಿದ್ದರು. ಕಾಕು ಕೈ ಒರೆಸಿಕೊಂಡು ಒಳಗೆ ಹೋದರು.

ನನ್ನ ಬುದ್ಧಿ ಮಣ್ಣು ತಿಂದದ್ದು ಆಗ. ಈ ಹೆಂಗಸು ಬೋಲ್ಟುಗಳನ್ನು ನಿಜವಾಗಿ ಬಿಗಿ ಮಾಡಿದ್ದಾರೋ ಇಲ್ಲವೋ ನೋಡೇಬಿಡೋಣ ಎಂದು ಮೇಲಿನ ಗಾಲಿಯ ಬೋಲ್ಟಿಗೆ ಪಾನಾ ಹಾಕಿ ಒಮ್ಮೆ ಜಗ್ಗಿದೆ. ಅದು ಒಂದಿಷ್ಟು ಜರುಗಿತು, ಅದರ ಹಿಂದೆಯೇ ಗಾಲಿಯೂ ತಿರುಗಿ, ‘ಕಟಕ್’ ಎಂದು ಚೈನು ಎರಡು ಹಲ್ಲು ಹಾರಿತು. ಹಿಂದಕ್ಕೆ ತಿರುಗಿಸಿ ಹೇಗೋ ಕೂರಿಸಿದೆ, ಸರಿಯಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಪಾನಾವನ್ನು ಇದ್ದ ಜಾಗದಲ್ಲಿಟ್ಟು, ರಸ್ತೆಯ ಕಡೆ ಮುಖ ಮಾಡಿ ನಿಂತೆ.

ಕಾಕು ಬಂದು ಟೆನ್ಶನರ್ ಹಾಕಿದರು, ಕೈಯಲ್ಲಿ ಇಂಜಿನ್ ತಿರುಗಿಸಿದರು. ಅರ್ಧ ಸುತ್ತಿಗೆ ಅದು ಗಟ್ಟಿಯಾಗಿ ನಿಂತಿತು. ಇನ್ನೊಬ್ಬ ಮಿಸ್ತ್ರಿಯಾಗಿದ್ದರೆ ಜೋರು ಮಾಡುತ್ತಿದ್ದನೇನೋ. ಕಾಕು ಆ ಕ್ಷಣವೇ ಪಾನಾ ಬಿಟ್ಟರು, ಲೈಟು ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಕಡೆ ಒಮ್ಮೆ ತಿರುಗಿದರು. ನಾನು ರಸ್ತೆಯನ್ನೇ ನೋಡುತ್ತ ನಿಂತೆ. ಟೆನ್ಶನರ್ ಮತ್ತೆ ಬಿಚ್ಚುವ ಸದ್ದಿಗೇ ಒಳಗಿನಿಂದ ಕಾಕಾ ತೊದಲುತ್ತ ಏನಾಯಿತು ಎಂದು ಕೂಗಿದರು.

“ಹಲ್ಲು ತಪ್ಪೇತ್ರಿ. ನನ್ನ ಕಣ್ಣು ತಪ್ಪಿತು, ಮತ್ತ ಹಾಕ್ತೀನಿ” ಎಂದು ಕಾಕು ಕೂಗಿ ಹೇಳಿದರು.

ಕಾಕಾ ಬಯ್ಯತೊಡಗಿದರು. ಮಾತು ಅರ್ಧ ತಿಳಿಯುತ್ತಿರಲಿಲ್ಲ, ಸಿಟ್ಟು ಪೂರ್ತಿ ತಿಳಿಯುತ್ತಿತ್ತು. ಇಷ್ಟು ವರ್ಷ ಏನು ನೋಡಿ ಕಲಿತೆ, ಗ್ಯಾರೇಜಿನ ಹೆಸರು ಕೆಡಿಸಿದೆ ಎಂದರು. ಕಾಕು ಎದುರಾಡದೆ ಚೈನು ತೆಗೆದು ಮೊದಲಿನಿಂದ ಕೂರಿಸಿದರು. ಸಂಜೆಯ ಹೊತ್ತಿಗೆ ಗಾಡಿ ಸ್ಟಾರ್ಟ್ ಆಯಿತು, ಹೊಸ ಗಾಡಿಯ ಹಾಗೆ ಸದ್ದಿಲ್ಲದೆ ನಡೆಯಿತು. ಮರುದಿನ ಚಹಾದಂಗಡಿಯಲ್ಲಿ ಯಾರೋ ಕಾಕುವಿನ ಕೆಲಸ ಹೇಗೆ ಎಂದು ಕೇಳಿದರು. ನಾಚಿಕೆ ಬಿಟ್ಟವನಂತೆ ನಾನು, ಮೊದಲ ಸಲ ಹಲ್ಲು ತಪ್ಪಿಸಿದರು, ಆಮೇಲೆ ಸರಿಯಾಯಿತು ಎಂದೆ. ಆ ಮಾತಿನ ಮೊದಲರ್ಧವಷ್ಟೇ ಘಾಟು ಹತ್ತಿತು. ಮುಂದೆ ಒಂದು ವರ್ಷ ಯಾರೂ ಅವರ ಕೈಯಲ್ಲಿ ಇಂಜಿನ್ ಬಿಚ್ಚಿಸಲಿಲ್ಲ.

ಆ ವರ್ಷ ಅವರು ಪಂಕ್ಚರಿನ ಜೊತೆಗೆ ದಾರಿಬದಿ ರೊಟ್ಟಿ ಬಡಿದು ಮಾರಿ ಗ್ಯಾರೇಜನ್ನು ಉಳಿಸಿಕೊಂಡರು. ಆಮೇಲಾಮೇಲೆ ಘಾಟಿನಲ್ಲಿ ಕೆಟ್ಟು ನಿಂತ ಒಂದೊಂದೇ ಗಾಡಿ ಬೇರೆ ದಾರಿಯಿಲ್ಲದೆ ಅವರ ಹತ್ತಿರ ಬಂದು, ಚೆನ್ನಾಗಿ ನಡೆದು, ಹೆಸರು ತಾನಾಗಿ ತಿರುಗಿ ಬಂತು. ನನ್ನ ಬಾಯಿಂದ ಒಂದು ಒಳ್ಳೆಯ ಮಾತಿನ ಸಹಾಯವೂ ಅದಕ್ಕಿರಲಿಲ್ಲ. ಆದರೂ ನಾನು ಹೋದಾಗೆಲ್ಲ, “ಮೋತಿ ಡೊಂಗರದಾಗ ಎಲ್ಲಾರೂ ಆರಾಮ ಅದಾರ?” ಎಂದು ಕೇಳಿ ಚಹಾ ಕೊಡುತ್ತಿದ್ದರು.

ಒಂದು ದಿನ ಕ್ಲಚ್ ಪ್ಲೇಟ್ ಹಾಕಿಸಲು ಹೋಗಿದ್ದೆ. ಚಹಾದಂಗಡಿಯಿಂದ ಒಬ್ಬ ಡ್ರೈವರು, “ಕಾಕೂ, ಹಲ್ಲು ಎಣಿಸಿ ಹಾಕ್ರಿ ಮತ್ತ!” ಎಂದು ಚೇಷ್ಟೆ ಮಾಡಿದ. ಕಾಕು ಅವನ ಜೊತೆ ನಕ್ಕರು. ನನಗೆ ತಡೆಯಲಾಗಲಿಲ್ಲ. ಅವನು ಹೋದ ಮೇಲೆ ಎಲ್ಲವನ್ನೂ ಹೇಳಿಬಿಟ್ಟೆ.

“ಗೊತ್ತೈತಿ” ಎಂದರು ಅವರು, ಕೈಯಲ್ಲಿದ್ದ ಕೆಲಸ ಬಿಡದೆ. “ಬೋಲ್ಟಿನ ಮ್ಯಾಲಿನ ನನ್ನ ಕೆಂಪು ಗೆರಿ ಒಡದಿತ್ತು. ಪಾನಾ ಹಾಕಿ ಯಾರರ ಜಗ್ಗದ ಅದು ಒಡಿಯೂದಿಲ್ಲ. ಅಲ್ಲಿ ನೀ ಒಬ್ಬನ ಇದ್ದಿ.”

“ಮತ್ತ ಅವತ್ತ ಯಾಕ ಹೇಳಲಿಲ್ರಿ? ನನ್ನ ಮಾರಿಗೆ ಉಗಳಬೇಕಿತ್ತು.”

ಕಾಕು ಖೋಲಿಯ ಕಡೆ ನೋಡಿ ದನಿ ತಗ್ಗಿಸಿದರು. “ನೀ ಕೈ ಹಾಕಿದಿ ಅಂದ್ರ, ಬಿಚ್ಚಿಟ್ಟ ಇಂಜಿನ್ ಬಿಟ್ಟು ಯಾಕ ಎದ್ದಿ ಅಂತ ಅವರು ಕೇಳ್ತಿದ್ರು. ನಾ ಎದ್ದದ್ದು ಅವರಿಗೆ ನೀರು ಕುಡಿಸಾಕ. ತನ್ನ ಸಲುವಾಗಿ ಕೆಲಸ ಕೆಟ್ಟಿತು ಅಂತ ಗೊತ್ತಾದ್ರ ಆ ಮನಷ್ಯಾ ಮುಂದ ನೀರ ಕೇಳೂದಿಲ್ಲ ತಮ್ಮಾ. ಒಣಗಿ ಹೋಗ್ತಾರ, ಕೇಳೂದಿಲ್ಲ. ನನಗ ಬೈದ್ರ ಬೈಲಿ.”

ಅಂದೇ ರಸ್ತೆ ದಾಟಿ ಚಹಾದಂಗಡಿಗೆ ಹೋಗಿ, ಇದ್ದ ಎಲ್ಲರ ಮುಂದೆ ನನ್ನ ತಪ್ಪು ಹೇಳಿಕೊಂಡೆ. ಕಾಕಾನ ಕಿವಿಗೆ ಹಾಕಬೇಡಿ ಎಂದು ಕೈ ಮುಗಿದೆ. ನಮ್ಮ ಡ್ರೈವರುಗಳ ಬಾಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ, ಆ ಮಾತೊಂದು ನಿಂತಿತು.

ಹೋದ ವರ್ಷ ಕಾಮಾಲೆಯಾಗಿ, ಹದಿನೈದೇ ದಿನದಲ್ಲಿ ಕಾಕು ತೀರಿಕೊಂಡರು. ಕಾಕಾನನ್ನು ಊರಿಗೆ ಕರೆದೊಯ್ಯಲು ಅವರ ತಮ್ಮ ಬಂದಿದ್ದ. ಅವನು ಗಂಟು ಕಟ್ಟುತ್ತಿರುವಾಗ ನಾನು ಮಂಚದ ಪಕ್ಕ ಕೂತೆ. ಕಾಕಾ ನನ್ನ ಕೈ ಹಿಡಿದುಕೊಂಡು, ಒಂದೊಂದೇ ಶಬ್ದ ಹುಡುಕಿ ಹುಡುಕಿ ಹೇಳಿದರು: “ಭಾಳ ಚಲೋ ಕೈ ಆಕಿದು... ಒಂದ ಸಲ ತಪ್ಪಿತು, ನಿನ್ನ ಗಾಡಿದು... ಅವತ್ತ ಭಾಳ ಬೈದೆ. ಬೈಬಾರದಿತ್ತು.”

ತಪ್ಪು ನನ್ನದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕಾಕುವಿನ ಹೆಸರಿಗೆ ಅಂಟಿದ ಆ ಒಂದು ಕಲೆಯನ್ನು ಆಗಲೇ ಒರೆಸಿಬಿಡಬಹುದಿತ್ತು. ಮಂಚದ ಅಂಚಿನಲ್ಲಿ ಅದೇ ಸ್ಟೀಲ್ ಲೋಟ ಇತ್ತು. ಕಾಕಾನ ಕೈಯನ್ನು ಎರಡೂ ಕೈಯಲ್ಲಿ ಹಿಡಿದೆ.

“ತಪ್ಪು ಕಾಕುದ ಇತ್ತಲ್ರಿ, ಕಾಕಾ” ಎಂದೆ. “ನೀವು ಬೈದದ್ದು ಬರೋಬ್ಬರಿ ಇತ್ತು.”