ಕಾಯಿಲ್ ಮಾಮ ಮತ್ತು ನಾನು ತಿದ್ದಿದ ಲಾಗ್

ಕಾಯಿಲ್ ಮಾಮನ ಹತ್ತು ಬೆರಳುಗಳ ತುದಿಗಳೂ ಗಾಜಿನಂತೆ ನುಣ್ಣಗಿದ್ದವು. ಮೂವತ್ತೈದು ವರ್ಷ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಚ್ಚಿ, ಗೆರೆಗಳೆಲ್ಲ ಸವೆದುಹೋಗಿದ್ದವು. ಎಷ್ಟು ಸಲ ಬೆರಳು ಒತ್ತಿದರೂ ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಅವರನ್ನು ಒಪ್ಪುತ್ತಿರಲಿಲ್ಲ. ಪ್ರತಿ ತಿಂಗಳೂ ಅವರ ಹೆಂಡತಿಯೇ ಹೋಗಿ ಬೆರಳಿಟ್ಟು ಅಕ್ಕಿ ತರಬೇಕಿತ್ತು. “ಸರ್ಕಾರದ ಲೆಕ್ಕದಲ್ಲಿ ನಾನು ಇಲ್ಲವೇ ಇಲ್ಲ ಕಣಮ್ಮಾ, ಗಾಳೀಲಿ ಮಾತ್ರ ಇದೀನಿ” ಎಂದು ಅವರು ನಗುತ್ತಿದ್ದರು.

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರದು ಮೋಟಾರ್ ರಿವೈಂಡಿಂಗ್ ಅಂಗಡಿ. ತಾಯಲೂರು, ಶ್ರೀನಿವಾಸಪುರದ ಕಡೆಯ ರೈತರು ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಬರುತ್ತಿದ್ದರು. ತಂತಿಯ ಕಾಯಿಲ್ ಸುತ್ತುವುದರಿಂದ ಎಲ್ಲರಿಗೂ ಅವರು ಕಾಯಿಲ್ ಮಾಮ. ನಾನು ತಾಯಲೂರು ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಶಾಲೆಯ ಮೋಟಾರು ಸುಟ್ಟಾಗ ಹೆಡ್‌ಮಾಸ್ಟರು ನನ್ನನ್ನೇ ಕಳಿಸಿದ್ದರು. ಅಂಗಡಿಯ ಒಳಕೋಣೆಯಿಂದ ಯಾರೋ ಗಂಡಸರು ಒಬ್ಬರ ಮೇಲೊಬ್ಬರು ಇಂಗ್ಲಿಷಿನಲ್ಲಿ ಅಂಕಿಗಳನ್ನು ಕೂಗುವುದು ಕೇಳಿಸಿತು. ಒಳಗೆ ಇಣುಕಿದರೆ ಮನುಷ್ಯರಿಲ್ಲ, ಮೇಜಿನ ಮೇಲೆ ಒಂದು ಕಪ್ಪು ಪೆಟ್ಟಿಗೆ.

“ಹ್ಯಾಮ್ ರೇಡಿಯೋ ಅಮ್ಮಾ, ಹವ್ಯಾಸಕ್ಕೆ ನಾವು ನಾವೇ ಮಾತಾಡ್ಕೊಳ್ಳೋ ರೇಡಿಯೋ. ಇವತ್ತು ಕಾಂಟೆಸ್ಟು” ಎಂದರು ಅವರು.

ಅಂದು ಮೋಟಾರಿನ ವಿಷಯ ಮರೆತು ನಾನು ಒಂದು ಗಂಟೆ ಅಲ್ಲೇ ಕೂತೆ. ಅವರು ಮಕ್ಕಳಿಗೆ ಹೇಳುವ ಹಾಗೆ ಹೇಳಿಕೊಟ್ಟರು. ಗೊತ್ತುಮಾಡಿದ ಅಷ್ಟು ಹೊತ್ತಿನೊಳಗೆ ಎಷ್ಟು ಜನರನ್ನು ಆಕಾಶದಲ್ಲಿ ಹಿಡಿಯಬಲ್ಲೆ ಅನ್ನುವುದೇ ಪಂದ್ಯ. ನನ್ನ ಕಾಲ್‌ಸೈನ್, ಅಂದರೆ ಸರ್ಕಾರ ಕೊಟ್ಟ ಅಕ್ಷರ-ಅಂಕಿಗಳ ರೇಡಿಯೋ ಹೆಸರು, ನೀನು ಬರೆದುಕೊಳ್ಳಬೇಕು, ನಿನ್ನದು ನಾನು. ಜೊತೆಗೆ ಒಂದು ಸಂಖ್ಯೆ ಕೊಟ್ಟು ತೆಗೆದುಕೊಳ್ಳಬೇಕು. ಎಲ್ಲರೂ ತಮ್ಮ ಪಟ್ಟಿ, ಅಂದರೆ ಲಾಗ್, ಕಾಂಟೆಸ್ಟ್ ನಡೆಸುವ ಕ್ಲಬ್ಬಿಗೆ ಕಳಿಸುತ್ತಾರೆ. ಅವರು ಇಬ್ಬರ ಲಾಗನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಒಂದಕ್ಷರ ತಪ್ಪಿದರೂ ಅಂಕ ಹೋಯಿತು. “ಕೇಳಿದ್ದನ್ನ ಬರಿ, ಊಹಿಸಿದ್ದನ್ನ ಬರೀಬೇಡ. ಅಷ್ಟೇ ಕಣಮ್ಮಾ ಇದರಲ್ಲಿರೋ ವಿದ್ಯೆ” ಎಂದರು.

ಆ ವರ್ಷವೆಲ್ಲ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಮುಳಬಾಗಿಲಿನ ಬಸ್ಸು ಹತ್ತುತ್ತಿದ್ದೆ. ರೇಡಿಯೋ ಸೆಟ್ಟನ್ನು ಅವರು ಮನೆಯ ಮಹಡಿ ಕೋಣೆಗೆ ಸಾಗಿಸಿದ್ದರು. ಅಲ್ಲಿಂದ ಬೇವಿನ ಮರದವರೆಗೆ ಆಂಟೆನಾ ತಂತಿ, ಆಚೆಗೆ ಬಂಡೆಗಳ ಬೆಟ್ಟ. ಅವರ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಅತ್ತೆ ಮೆಟ್ಟಿಲ ಕೆಳಗಿನಿಂದಲೇ “ಟೀಚರಮ್ಮಾ, ಊಟ ಮಾಡಿ ಮೇಲೆ ಹೋಗು” ಎಂದು ಕೂಗುತ್ತಿದ್ದರು. ನಾನು ಓದಿ, ಬೆಂಗಳೂರಿಗೆ ಹೋಗಿ ಹ್ಯಾಮ್ ಲೈಸೆನ್ಸಿನ ಪರೀಕ್ಷೆ ಬರೆದೆ. ಬಹಳ ತಿಂಗಳು ಕಾಯಿಸಿ ಲೈಸೆನ್ಸ್ ಬಂತು. ಮಾಮ ಆ ಕಾಗದವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿ ಕೊಟ್ಟರು.

ಮುಂದಿನ ವಾರವೇ ಒಂದು ಸಣ್ಣ ಕಾಂಟೆಸ್ಟ್ ಇತ್ತು. ಮಾಮ ಕುರ್ಚಿ ಬಿಟ್ಟುಕೊಟ್ಟು ಮೈಕನ್ನು ನನ್ನ ಕೈಗಿತ್ತರು. ಯಾರೋ ಕರೆಯುತ್ತಿದ್ದರು. ನಾನು ಗುಂಡಿ ಒತ್ತಿದೆ. ತರಗತಿಯಲ್ಲಿ ಅರವತ್ತು ಮಕ್ಕಳನ್ನು ಸುಮ್ಮನಿರಿಸುವ ನಾನು ಕಾಲ್‌ಸೈನಿನ ಎರಡೇ ಅಕ್ಷರ ಹೇಳಿ ನಿಲ್ಲಿಸಿಬಿಟ್ಟೆ. ಹುಟ್ಟಿದಾಗಿನಿಂದ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡಿದವಳು ನಾನು. ಇಂಗ್ಲಿಷನ್ನು ಪುಸ್ತಕದಲ್ಲಿ ಕಂಡಿದ್ದೆನೇ ಹೊರತು ಅಪರಿಚಿತರ ಕಿವಿಗೆ ಹಾಕಿರಲಿಲ್ಲ. ಆ ಕಡೆಯ ಧ್ವನಿ “ಯಾರು, ಯಾರು ಕರೆದದ್ದು?” ಎಂದು ಇಂಗ್ಲಿಷಿನಲ್ಲಿ ಕೇಳುತ್ತಲೇ ಇತ್ತು. ನಾನು ಮೈಕ್ ಇಟ್ಟು ಕೆಳಗಿಳಿದು ಹೋಗಿಬಿಟ್ಟೆ. ಬೀದಿಯ ಟೀ ಅಂಗಡಿಯವರೆಗೆ ಮಾಮ ಹಿಂದೆಯೇ ಬಂದರು.

“ಮೈಕು ಕಚ್ಚಲ್ಲ ಕಣಮ್ಮಾ.”

“ನನ್ನಿಂದಾಗಲ್ಲ ಮಾಮ. ನಾನು ಕೇಳ್ಕೊಂಡು ಬರ್ಕೊಂಡು ಇರ್ತೀನಿ.”

ಅವರು ಒತ್ತಾಯಿಸಲಿಲ್ಲ. ಒತ್ತಾಯಿಸಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲವೇನೋ. ಅಂದಿನಿಂದ ನಾನು ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಅವರ ಪಕ್ಕ ಕೂರುತ್ತಿದ್ದೆ. ಅವರು ಮಾತಾಡಿ ಕಂಪ್ಯೂಟರಿನಲ್ಲಿ ಲಾಗ್ ಮಾಡುತ್ತಿದ್ದರು. ನಾನು ಅಭ್ಯಾಸಕ್ಕೆಂದು ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆಯುತ್ತಿದ್ದೆ.

ಹಾಗೆ ಬರೆಯುವಾಗಲೇ ನನಗೆ ಗೊತ್ತಾಗಿದ್ದು. ‘ಫಿಫ್ಟೀನ್’ ಎಂದು ನನಗೆ ಸ್ಪಷ್ಟವಾಗಿ ಕೇಳಿಸಿದ್ದನ್ನು ಅವರು ಐವತ್ತು ಎಂದು ಹಾಕಿದ್ದರು. ಕಾಲ್‌ಸೈನಿನ ಕೊನೆಯ ‘ಎಸ್’ ಅವರ ಪರದೆಯಲ್ಲಿ ‘ಎಫ್’ ಆಗಿತ್ತು. ಹತ್ತಕ್ಕೆ ಒಂದು ಹೀಗೆ. ಮನೆಯಲ್ಲಿ ಅತ್ತೆ ಒಂದು ಮಾತನ್ನು ಮೂರು ಸಲ ಹೇಳುವುದನ್ನೂ, ಅಂಗಡಿಯಲ್ಲಿ ಅವರು ರೈತರ ತುಟಿಗಳನ್ನೇ ನೋಡುತ್ತ ನಿಲ್ಲುವುದನ್ನೂ ನಾನು ಕಂಡಿದ್ದೆ. ಹಿಂದಿನ ವರ್ಷದ ದೊಡ್ಡ ಕಾಂಟೆಸ್ಟಿನಲ್ಲಿ ತಪ್ಪುಗಳು ಹೆಚ್ಚಾಗಿ ಅವರು ಪಟ್ಟಿಯ ತಳಕ್ಕೆ ಹೋಗಿದ್ದರು. ಅತ್ತೆ ಹಟ ಹಿಡಿದು ಕೋಲಾರದಲ್ಲಿ ಕಿವಿ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿದ್ದರು. ಅದನ್ನು ಮಾಮ ಎರಡು ಸಲ ಮುಂದೂಡಿದ್ದರು.

ಆ ವರ್ಷದ ದೊಡ್ಡ ಕಾಂಟೆಸ್ಟಿನಲ್ಲಿ ಅವರು ಎಂದಿನಂತೆ ‘ಒಬ್ಬರೇ’ ಅನ್ನುವ ವಿಭಾಗಕ್ಕೆ ಹೆಸರು ಕೊಟ್ಟಿದ್ದರು. ಮಾತು, ಕೇಳುವುದು, ಬರೆಯುವುದು ಎಲ್ಲ ಒಬ್ಬರದೇ ಇರಬೇಕು, ಬೇರೆಯವರ ನೆರವು ಕೂಡದು. ಭಾನುವಾರ ಮಧ್ಯಾಹ್ನ ಮುಗಿಯಿತು. ಅವರು ಬೆವರು ಒರೆಸಿಕೊಳ್ಳುತ್ತ ಕೆಳಗೆ ಸ್ನಾನಕ್ಕೆ ಹೋದರು. ನಾನು ಅವರ ಕುರ್ಚಿಯಲ್ಲಿ ಕೂತು, ನೋಟ್‌ಬುಕ್ ತೆರೆದಿಟ್ಟುಕೊಂಡು, ಪರದೆಯ ಮೇಲಿನ ತಪ್ಪುಗಳನ್ನು ಒಂದೊಂದಾಗಿ ತಿದ್ದಿದೆ. ಅವರಿಗೆ ಅವಮಾನವಾಗಬಾರದು ಅನ್ನುವುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ಬಚ್ಚಲಲ್ಲಿ ನೀರು ಸುರಿಯುವ ಸದ್ದು ನಿಲ್ಲುವಷ್ಟರಲ್ಲಿ ನಾನು ಮತ್ತೆ ನನ್ನ ಸ್ಟೂಲಿನ ಮೇಲೆ ಕೂತಿದ್ದೆ. ಅವರು ಬಂದು ತಲೆ ಒರೆಸುತ್ತಲೇ ಲಾಗ್ ಕಳಿಸಿದರು.

ಫಲಿತಾಂಶ ಬಂದಾಗ ಅವರ ಲಾಗಿನಲ್ಲಿ ತಪ್ಪು ಎರಡೋ ಮೂರೋ. ಅವರ ವಿಭಾಗದಲ್ಲಿ ಎರಡನೇ ಸ್ಥಾನ. ಮಾಮ ಆ ಹಾಳೆಯನ್ನು ಪ್ರಿಂಟ್ ಹಾಕಿಸಿ ಅಂಗಡಿಯ ಗೋಡೆಗೆ ಅಂಟಿಸಿದರು. ಬೆಳಗಿನ ಗುಂಪಿನಲ್ಲೂ ಹೇಳಿಕೊಂಡರು. ದಿನಾ ಏಳು ಗಂಟೆಗೆ ಅಕ್ಕಪಕ್ಕದ ಜಿಲ್ಲೆಗಳ ಹ್ಯಾಮ್‌ಗಳೆಲ್ಲ ರೇಡಿಯೋದಲ್ಲಿ ಒಂದೇ ಕಡೆ ಸೇರಿ ಹಾಜರಿ ಹೇಳುವ ಗುಂಪು ಅದು. ಎಲ್ಲರೂ ಅಭಿನಂದಿಸಿದರು. ಆಮೇಲೆ ಮಾಮ ಕೆಳಗಿಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಗೆ ಹೇಳಿದರು:

“ನೋಡಿದ್ಯೇನೇ? ಕಿವಿ ಹೋಗಿದೆ ಕಿವಿ ಹೋಗಿದೆ ಅಂತಿದ್ದೆ. ಡಾಕ್ಟ್ರೂ ಬೇಡ, ಏನೂ ಬೇಡ.”

ಅತ್ತೆ ನನ್ನತ್ತ ನೋಡಿ ಸಂತೋಷದಿಂದ ನಕ್ಕರು. ನಾನೂ ನಕ್ಕೆ.

ಹೀಗೆ ಹನ್ನೊಂದು ತಿಂಗಳು ಕಳೆಯಿತು. ಒಂದು ದಿನ ಅಂಗಡಿಯಲ್ಲಿ ಅವರು ಸುತ್ತಿ ಮುಗಿಸಿದ ಮೋಟಾರಿಗೆ ಕರೆಂಟ್ ಕೊಟ್ಟು ಪರೀಕ್ಷಿಸುತ್ತಿದ್ದರು. ಹಿಂದುಗಡೆ ತಂತಿಯ ಜೋಡಣೆಯಿಂದ ಹೊಗೆ ಎದ್ದಿತು. ಮೋಟಾರಿನ ಯಜಮಾನ, ಸುಗಟೂರಿನ ರೈತ, “ಆಫ್ ಮಾಡಣ್ಣಾ! ಆಫ್ ಮಾಡು!” ಎಂದು ಅರಚಿದನಂತೆ. ಮಾಮ ಬೆನ್ನು ತಿರುಗಿಸಿ ನಿಂತೇ ಇದ್ದರು. ಬೆಂಕಿ ಹೊತ್ತಿಕೊಂಡು, ಅವರು ತಿರುಗಿ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಬಲಗೈ ಮೊಣಕೈವರೆಗೆ ಸುಟ್ಟಿತು.

ಆಸ್ಪತ್ರೆಗೆ ಹೋಗಿ ನೋಡಿದರೆ, ಬಟ್ಟೆ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಅತ್ತೆ ಔಷಧಿ ತರಲು ಹೋಗಿದ್ದರು. ನಾನು ಅವರಿಗೆ ನನ್ನ ತುಟಿ ಕಾಣುವಂತೆ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ.

“ನನ್ನ ಕಿವಿ ಹೋಗ್ತಿರೋದು ನನಗೆ ಗೊತ್ತಿತ್ತಮ್ಮಾ” ಎಂದರು ಮಾಮ. “ಆ ಹಾಳೆ ನೋಡಿದ ಮೇಲೆ, ಇಲ್ಲ, ನಾನೇ ಸುಮ್ಮನೆ ಹೆದರ್ಕೊಂಡಿದ್ದೆ ಅಂದ್ಕೊಂಡೆ. ಎಷ್ಟು ಖುಷಿಯಾಗಿತ್ತು ಗೊತ್ತಾ ನಂಗೆ?”

“ತಪ್ಪಾಯ್ತು ಮಾಮ.”

“ನನ್ನ ಮೇಲೆ ಕನಿಕರ ಪಟ್ಟೆ. ಹೇಳಿದ್ರೆ ಸಾಕಾಗಿತ್ತಲ್ಲಾ.” ಅಷ್ಟರಲ್ಲಿ ಅತ್ತೆ ಬಂದರು. ಮಾತು ಅಲ್ಲಿಗೆ ನಿಂತಿತು.

ಕೋಲಾರದ ಡಾಕ್ಟರು ಕಿವಿಯ ನರಗಳೇ ಸೊರಗಿವೆ ಎಂದರು. ಯಂತ್ರ ಹಾಕಿಕೊಂಡರೆ ಮನೆಯ ಮಾತು ಕೇಳಿಸುತ್ತದೆ, ರೇಡಿಯೋದ ಗದ್ದಲದಲ್ಲಿ ಕಷ್ಟ ಎಂದರು. “ಸ್ವಲ್ಪ ಮುಂಚೆ ಬಂದಿದ್ರೆ ಅಭ್ಯಾಸ ಆಗೋಕೆ ಸುಲಭ ಆಗ್ತಿತ್ತು” ಎಂದು ಅವರು ಅತ್ತೆಗೆ ಹೇಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ.

ಮಾಮ ಎಡಗೈಯಲ್ಲಿ ಟೈಪ್ ಮಾಡಿ ಕ್ಲಬ್ಬಿಗೆ ಪತ್ರ ಕಳಿಸಿದರು. “ಆ ವರ್ಷದ ನನ್ನ ಲಾಗ್ ನಿಯಮದ ಪ್ರಕಾರ ಇಲ್ಲ, ಜವಾಬ್ದಾರಿ ನನ್ನದು, ಸ್ಥಾನ ಹಿಂದಕ್ಕೆ ಪಡೆಯಿರಿ” ಎಂಬ ಮೂರೇ ಸಾಲು. ನನ್ನ ಹೆಸರು ಅದರಲ್ಲಿರಲಿಲ್ಲ. ಬೆಳಗಿನ ಗುಂಪಿನವರಿಗೆ ಸುದ್ದಿ ತಲುಪಿತು. ಯಾರೂ ಎದುರಿಗೆ ಏನೂ ಅನ್ನಲಿಲ್ಲ. ಆದರೆ ಅವರು ಹಾಜರಿ ಹೇಳಿದಾಗ ಮೊದಲಿನ ಹಾಗೆ ಕುಶಲ ವಿಚಾರಿಸುವವರು ಕಡಿಮೆಯಾದರು. ಒಬ್ಬರಂತೂ, ಮಾಮನಿಗೆ ಕೇಳಿಸದು ಎಂದುಕೊಂಡೋ ಏನೋ, “ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ” ಎಂದರು. ಅದು ಕೇಳಿಸಿದ್ದು ನನಗೆ. ಮೈಕ್ ನನ್ನ ಮೊಣಕೈ ಹತ್ತಿರವೇ ಇತ್ತು. ನಾನು ಬಾಯಿ ಬಿಡಲಿಲ್ಲ.

ಅದಾದ ಮೇಲೆ ನಾನು ಹೋಗುವುದನ್ನೇ ಬಿಟ್ಟೆ. ನಾಲ್ಕನೇ ಶುಕ್ರವಾರ ಮಾಮ ಮೊಪೆಡ್ಡಿನಲ್ಲಿ ನಮ್ಮ ಶಾಲೆಗೇ ಬಂದರು. ಸುಟ್ಟ ಕೈಯ ಚರ್ಮ ಇನ್ನೂ ಕೆಂಪಗಿತ್ತು. ಕಿವಿಯಲ್ಲಿ ಯಂತ್ರ.

“ನಾಳೆ ಕಾಂಟೆಸ್ಟ್ ಇದೆ. ನಿನ್ನ ಕಾಲ್‌ಸೈನಲ್ಲಿ, ನೀನೇ ಮಾತಾಡಬೇಕು.”

“ನನಗೆ ಆ ಅರ್ಹತೆ ಇಲ್ಲ ಮಾಮ.”

“ಅರ್ಹತೆ ಬೇಕಿಲ್ಲ, ಲೈಸೆನ್ಸ್ ಇದ್ರೆ ಸಾಕು. ಬಾ.”

ಶನಿವಾರ ಅವರು ನನ್ನನ್ನು ಕೋಣೆಯಲ್ಲಿ ಕೂರಿಸಿ, ಹೊರಗಿನಿಂದ ಬಾಗಿಲೆಳೆದುಕೊಂಡು ಮೆಟ್ಟಿಲ ಮೇಲೆ ಕೂತರು. ನಾನು ಗುಂಡಿ ಒತ್ತಿ ನನ್ನ ಕಾಲ್‌ಸೈನ್ ಹೇಳಿದೆ. ಉತ್ತರವಿಲ್ಲ. ಮತ್ತೆ ಹೇಳಿದೆ. ಐದನೆಯ ಸಲ ಸಮುದ್ರದ ಆಚೆಯ ಒಬ್ಬ ಮುದುಕರ ಧ್ವನಿ ನನ್ನ ಅಕ್ಷರಗಳನ್ನು ಒಂದೂ ತಪ್ಪದೆ ನನಗೇ ತಿರುಗಿ ಹೇಳಿತು. ಸಂಜೆಯೊಳಗೆ ಹದಿನಾಲ್ಕು ಜನ ಸಿಕ್ಕರು. ಬಾಗಿಲು ತೆರೆದಾಗ ಮಾಮ ಗೋಡೆಗೊರಗಿ ಕೂತೇ ಇದ್ದರು. ಲಾಗ್ ತೋರಿಸಲು ಹೋದೆ. “ನನಗೆ ಬೇಡ, ಹಾಗೇ ಕಳಿಸು” ಎಂದು ಮುಖ ಬೇರೆ ಕಡೆಗೆ ತಿರುಗಿಸಿಕೊಂಡರು. ಕ್ಷಮಿಸಿದ್ದೇನೆ ಎಂದು ಅವರು ಯಾವತ್ತೂ ಹೇಳಲಿಲ್ಲ. ಅವರು ಮತ್ತೆ ಕಾಂಟೆಸ್ಟಿಗೆ ಕೂರಲೂ ಇಲ್ಲ.

ಕಳೆದ ವರ್ಷ, ಮಾವಿನ ಹೂ ಬಿಡುವ ಹೊತ್ತಿಗೆ, ಎದೆನೋವೆಂದು ಕೋಲಾರಕ್ಕೆ ಕರೆದೊಯ್ಯುವಾಗ ದಾರಿಯಲ್ಲೇ ಅವರು ಹೋಗಿಬಿಟ್ಟರು. ಮೂರನೇ ದಿನ ಬೆಳಿಗ್ಗೆ ಅತ್ತೆ ನನ್ನನ್ನು ಕರೆದು, “ಇವರ ಜೊತೆ ದಿನಾ ಮಾತಾಡ್ತಿದ್ದೋರಿಗೆ ಯಾರಮ್ಮಾ ಹೇಳೋರು? ನೀನೇ ಹೇಳು” ಎಂದರು. ಅವರೂ ನನ್ನ ಜೊತೆ ಮಹಡಿಗೆ ಬಂದು ಬಾಗಿಲ ಹತ್ತಿರ ನಿಂತರು.

ಏಳು ಗಂಟೆಗೆ ಹಾಜರಿ ಶುರುವಾಯಿತು. ನಾನು ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡಿದ್ದ ಎರಡು ಸಾಲು ಓದಲು ಹೋದೆ. ಆಗಲಿಲ್ಲ. ಕನ್ನಡದಲ್ಲೇ ಹೇಳಿದೆ. ಗುಂಪು ನಡೆಸುವ ಹಿರಿಯರು ಅವರ ಕಾಲ್‌ಸೈನನ್ನು ನಿಧಾನವಾಗಿ ಉಚ್ಚರಿಸಿ, ಒಂದು ನಿಮಿಷ ಎಲ್ಲರೂ ಮೌನವಾಗಿರೋಣ ಎಂದರು. ಆಮೇಲೆ ನನ್ನನ್ನು ಕೇಳಿದರು, “ನೀವು ಅವರಿಗೆ ಏನಾಗ್ಬೇಕು ಮೇಡಂ?”

ಶಿಷ್ಯೆ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು.

“ಆ ವರ್ಷದ ಕಾಂಟೆಸ್ಟಿನ ಲಾಗ್ ತಿದ್ದಿದವಳು ನಾನು” ಎಂದೆ. “ಅವರಿಗೆ ಗೊತ್ತಿಲ್ಲದ ಹಾಗೆ ತಿದ್ದಿದ್ದೆ. ಅವರು ಯಾರ ನೆರವನ್ನೂ ಕೇಳಿರಲಿಲ್ಲ. ತಪ್ಪನ್ನ ತಮ್ಮ ಮೇಲೆ ಹಾಕ್ಕೊಂಡ್ರು.”

ಬರೀ ಗೊರಗೊರ ಸದ್ದು. ಆಮೇಲೆ ಅದೇ ಹಿರಿಯರು, “ಮೇಡಂ, ಗದ್ದಲ ಜಾಸ್ತಿ ಇದೆ, ಪೂರ್ತಿ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?” ಎಂದರು.

ಇನ್ನೊಂದು ಸಲ ಹೇಳಿದೆ, ಪದ ಪದ ಬಿಡಿಸಿ.

“ಕೇಳಿಸಿತು” ಎಂದರು ಅವರು. ನಾನು ಸೆಟ್ ಆರಿಸಿ ತಿರುಗಿದೆ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮಾಮ ಅವರಿಗೂ ಹೇಳಿರಲಿಲ್ಲ.

“ಅದೇ ವರ್ಷ ತಾನೇ ಅವರು ಡಾಕ್ಟರ್ ಬೇಡ ಅಂದಿದ್ದು?”

“ಹೌದು ಅತ್ತೆ. ಅದೇ ವರ್ಷ.”

ಅವರು ಒಂದೊಂದೇ ಮೆಟ್ಟಿಲಿಳಿದು ಹೋದರು. ನಾನು ಮೇಲೆಯೇ ನಿಂತಿದ್ದೆ, ಅವರಾಗಿ ಕರೆಯದೆ ಕೆಳಗಿಳಿಯಲು ನನಗೆ ಧೈರ್ಯ ಬರಲಿಲ್ಲ.